‘ಸಫ್ರೇಜ್’: ಪ್ರಾರ್ಥನೆ ಮೊದಲೋ, ಮತ ಮೊದಲೋ?

‘ಸಫ್ರೇಜ್’ ಎಂದರೆ ಮತದಾನದ ಹಕ್ಕು ಎಂಬುದು ರಾಜ್ಯಶಾಸ್ತ್ರ ಓದುವವರಿಗೆಲ್ಲ ತಿಳಿದ ಮಾತು. ಅದಕ್ಕೆ ‘ಇನ್ನೊಬ್ಬರಿಗಾಗಿ ಸಲ್ಲಿಸುವ ಪ್ರಾರ್ಥನೆ’ ಎಂಬ ಅರ್ಥವೂ ಇತ್ತು. ಚರ್ಚಿನ ವಲಯದ ಹೊರಗೆ ಅದೀಗ ಬಳಕೆ ತಪ್ಪಿದೆ. ಇಂಗ್ಲಿಷಿನಲ್ಲಿ ಪ್ರಾರ್ಥನೆಯ ಅರ್ಥ 14ನೆಯ ಶತಮಾನದ ಕೊನೆಗೇ ಕಾಣಿಸಿಕೊಂಡರೆ, ಮತ ಎಂಬ ಅರ್ಥ ಬಂದದ್ದು 16ನೆಯ ಶತಮಾನದಲ್ಲಿ. ಆದ್ದರಿಂದ ಪ್ರಾರ್ಥನೆಯೇ ಮುಂದೆ ಮತವಾಯಿತೆಂದು ಭಾವಿಸಿ, ಟಿಪ್ಪಣಿ ಪುಸ್ತಕದಲ್ಲಿ ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದಿದ್ದೆ. ಆ ಬಾಣ ತಪ್ಪು.

ಮೂಲವಾದ ಲ್ಯಾಟಿನ್ ಪದ ‘ಸುಫ್ರಾಗಿಯುಮ್’ಗೆ ರೋಮನ್ನರಲ್ಲಿ ಮತ ಎಂದೇ ಅರ್ಥ. ಕ್ರಿ.ಪೂ. 139ರ ಕಾನೂನಿನ ನಂತರ ಅಧಿಕಾರಿಗಳ ಚುನಾವಣೆಯಲ್ಲಿ ಪ್ರಜೆಗಳು ಅದನ್ನು ಬಾಯಿಂದ ಹೇಳುವ ಬದಲು ಮೇಣ ಬಳಿದ ಪುಟ್ಟ ಹಲಗೆಯ ಮೇಲೆ ಗೀಚಿ ಹಾಕುತ್ತಿದ್ದರು. ಮತ ಕೊಟ್ಟವನು ಒಬ್ಬರ ಪರ ನಿಂತಂತೆಯೇ ಆದ್ದರಿಂದ ಪದಕ್ಕೆ ‘ಬೆಂಬಲ’ ಎಂಬ ಅರ್ಥ ಕೂಡಿಕೊಂಡಿತು. ಚಕ್ರವರ್ತಿಗಳ ಕಾಲಕ್ಕೆ ಅದು ದೊಡ್ಡವರು ಮಾಡುವ ಶಿಫಾರಸು ಎಂಬಲ್ಲಿಗೂ ಬಂತು. ಇಲ್ಲಿಂದ ಮುಂದಿನ ಹೆಜ್ಜೆಯೇ ನನಗೆ ಬಹಳ ಹೊತ್ತು ಹೊಳೆಯಲಿಲ್ಲ. ದೊಡ್ಡವರು ಅರಸನ ಮುಂದೆ ನಮ್ಮ ಪರವಾಗಿ ಒಂದು ಮಾತು ಹೇಳುವಂತೆ, ಸಂತರು ದೇವರ ಮುಂದೆ ನಮ್ಮ ಪರವಾಗಿ ಹೇಳುವ ಮಾತೂ ‘ಸುಫ್ರಾಗಿಯುಮ್’ ಆಯಿತು. ಸತ್ತವರ ಆತ್ಮಗಳಿಗಾಗಿ ಬದುಕಿರುವವರು ಮಾಡುವ ಪ್ರಾರ್ಥನೆಗೂ ಅದೇ ಹೆಸರು ಬಂತು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಮೊದಲು ಇಳಿದದ್ದು ಈ ಕೊನೆಯ ಅರ್ಥ. ಹಳೆಯ ಲ್ಯಾಟಿನ್ ಗ್ರಂಥಗಳ ಓದು ಹೆಚ್ಚಿದ ಮೇಲೆ ಮೊದಲ ಅರ್ಥ ಹಿಂದಿನಿಂದ ಬಂದು ಸೇರಿತು. ಆದುದರಿಂದ ಮತ, ಬೆಂಬಲ, ಪ್ರಾರ್ಥನೆ ಎಂಬುದು ಲ್ಯಾಟಿನ್ನಿನ ಕ್ರಮ. ಇಂಗ್ಲಿಷಿನಲ್ಲಿ ಕಾಣುವುದು ಬೆಳವಣಿಗೆಯ ಕ್ರಮವಲ್ಲ, ಆಮದಿನ ಕ್ರಮ. ನಡುವೆ ‘ಬೆಂಬಲ’ವನ್ನು ಇಟ್ಟುಕೊಂಡರೆ ಎರಡೂ ತುದಿ ನೆನಪಿರುತ್ತವೆ.

ಇಂಗ್ಲೆಂಡಿನ ಚರ್ಚಿನ ಪರಂಪರೆಯಾದ ಆಂಗ್ಲಿಕನ್ ಆರಾಧನೆಯಲ್ಲಿ ಪ್ರಾರ್ಥನೆ ಎಂಬ ಅರ್ಥ ಇನ್ನೂ ಜೀವಂತವಾಗಿದೆ. “ಕರ್ತನೇ, ನಿನ್ನ ಕರುಣೆಯನ್ನು ನಮಗೆ ತೋರು” ಎಂದು ಪಾದ್ರಿ ಹೇಳಿದರೆ, “ನಿನ್ನ ರಕ್ಷಣೆಯನ್ನು ನಮಗೆ ದಯಪಾಲಿಸು” ಎಂದು ಸಭೆ ಉತ್ತರಿಸುತ್ತದೆ. ಇಂಥ ಜೋಡಿ ಸಾಲುಗಳನ್ನೇ ಅಲ್ಲಿ ‘ಸಫ್ರೇಜಸ್’ ಎನ್ನುತ್ತಾರೆ.

ಉಳಿದದ್ದು ಸುಲಭ: 1787ರ ಅಮೆರಿಕದ ಸಂವಿಧಾನ ಸೆನೆಟ್‌ನಲ್ಲಿ ರಾಜ್ಯಗಳಿಗಿರುವ ಸಮಾನ ಮತಾಧಿಕಾರವನ್ನು ಇದೇ ಪದದಿಂದ ಹೇಳುತ್ತದೆ, 1906ರಲ್ಲಿ ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆ ಮಹಿಳೆಯರ ಮತದಾನದ ಹಕ್ಕಿನ ಹೋರಾಟಗಾರ್ತಿಯರನ್ನು ಅಣಕಿಸಲು ‘ಸಫ್ರಜೆಟ್’ ಎಂದು ಕರೆಯಿತು. ಕಷ್ಟಪಡುವುದು ಎಂಬರ್ಥದ ‘ಸಫರ್’ಗೂ ಇದಕ್ಕೂ ಸಂಬಂಧವಿಲ್ಲ.

ಕನ್ನಡದ ‘ಮತ’ವೂ ಧರ್ಮ ಮತ್ತು ಓಟು ಎರಡನ್ನೂ ಹೊತ್ತಿದೆ, ಆದರೆ ಅದು ಅಭಿಪ್ರಾಯದ ದಾರಿಯಿಂದ. ಇನ್ನು ‘ಓಟು’ ಬಂದಿರುವುದು ‘ವೋಟುಮ್’ ಎಂಬ ಲ್ಯಾಟಿನ್ ಪದದಿಂದ. ಅದರ ಅರ್ಥ ಹರಕೆ.