"ಅರ್ಥ ಆಯ್ತಾ?" ಅಂತ ಕೇಳಿದರೆ ಸಾಲದು

ಜಗಳೂರು, ಹೊನ್ನಾಳಿ ಕಡೆಯಿಂದ ದಾವಣಗೆರೆಗೆ ಬಂದು ಹರ್ನಿಯಾ ಆಪರೇಷನ್ ಮಾಡಿಸಿಕೊಂಡವರಿಗೆ ಡಿಸ್ಚಾರ್ಜ್ ದಿನ ವಾರ್ಡಿನ ಸಿಬ್ಬಂದಿ ಮನೆಯಲ್ಲಿ ಏನು ಮಾಡಬೇಕು ಅಂತ ಹೇಳಿ "ಅರ್ಥ ಆಯ್ತಾ?" ಅಂತ ಕೇಳಿದರೆ "ಆಯ್ತು ಸಾರ್" ಅಂತಲೇ ಅಂತಾರೆ. ತಿಳೀಲಿಲ್ಲ ಅನ್ನೋಕೆ ಸಂಕೋಚ, ಮೇಲೆ ಬಸ್ಸಿನ ಅವಸರ. "ಅಜ್ಜಾ, ಈ ಮಾತ್ರೆ ಹೆಂಗೆ ತಗೋಬೇಕು ಅಂತ ಸೊಸೆ ಕೇಳಿದ್ರೆ ಏನು ಹೇಳ್ತೀರಿ?" ಅಂತ ಕೇಳಿ ನೋಡಿ. ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ತಿದ್ದಿ, ಮತ್ತೊಮ್ಮೆ ಅವರ ಬಾಯಲ್ಲೇ ಹೇಳಿಸಿ. ಒಂದು ಸಲಕ್ಕೆ ಎರಡು ಮೂರು ವಿಷಯ ಸಾಕು. ಅಡುಗೆ ಮಾಡುವವರೂ ಪಕ್ಕದಲ್ಲಿರಲಿ.

"ಭಾರ ಎತ್ತಬೇಡಿ" ಅನ್ನೋದು ಸಾಲದು. ದಿನಾ ನೀರು ಹೊರುವವರಿಗೆ ಕೊಡ ಭಾರ ಅಂತ ಅನಿಸುವುದೇ ಇಲ್ಲ. ತುಂಬಿದ 15 ಲೀಟರಿನ ಕೊಡ 15 ಕೆ.ಜಿ. ದಾಟುತ್ತದೆ. ಡಾಕ್ಟರು ಬೇರೆ ಹೇಳದಿದ್ದರೆ 4ರಿಂದ 6 ವಾರ ಕೊಡ, ಮೇವಿನ ಹೊರೆ, ಮೆಕ್ಕೆಜೋಳದ ಚೀಲ ಬೇಡ ಅಂತ ಹೆಸರು ಹಿಡಿದು ಹೇಳಿ. ನಡೆದಾಡುವುದು ಮಾತ್ರ ಮೊದಲ ದಿನದಿಂದಲೇ ಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ಕಟ್ಟಬಹುದು.

ಹೆಚ್ಚು ಹೊತ್ತು ಕೊಡಬೇಕಾದದ್ದು ಪಥ್ಯದ ಮಾತಿಗೆ. ನಂಜಾಗುತ್ತೆ, ಕೀವು ತುಂಬುತ್ತೆ ಅಂತ ಬೇಳೆ, ಮೊಟ್ಟೆ, ಶೇಂಗಾ, ಬದನೆಕಾಯಿ ಬಿಟ್ಟು ಬರೀ ಗಂಜಿಯಲ್ಲಿ ದಿನ ದೂಡುತ್ತಾರೆ. ಕೀವಾಗುವುದು ರೋಗಾಣುವಿನಿಂದ, ಗಾಯ ಕೂಡಲು ಪ್ರೋಟೀನ್ ಬೇಕೇ ಬೇಕು. ಆದರೆ "ಅದೆಲ್ಲ ಸುಳ್ಳು" ಅಂತ ಗದರಿದರೆ ತಲೆಯಾಡಿಸಿ ಹೋಗಿ ಮನೆಯಲ್ಲಿ ತಮ್ಮ ಪಥ್ಯವನ್ನೇ ಮಾಡುತ್ತಾರೆ. ಏನೇನು ಬಿಡ್ತೀರಿ ಅಂತ ಮೊದಲು ಕೇಳಿ. ಬದನೆಕಾಯಿ ಬಿಟ್ಟರೆ ನಷ್ಟವಿಲ್ಲ, ಬಿಡಲಿ. ಕಿಡ್ನಿ ತೊಂದರೆ ಇಲ್ಲದವರು ಬೇಳೆ, ಹಾಲು, ಮೊಟ್ಟೆ ಬಿಡದಂತೆ ಒಪ್ಪಿಸಿ. ಗಾಯಕ್ಕೆ ಅರಿಶಿನ, ಎಣ್ಣೆ ಏನೂ ಹಚ್ಚಬಾರದು.

ಚೀಟಿಯ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಓದಲು ಬಾರದವರಿಗೆ ಮಾತ್ರೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ. ಹೊಸ ಮಾತ್ರೆ ಬಂತು ಅಂತ ಹಳೇ ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸುವವರಿದ್ದಾರೆ. ಸಕ್ಕರೆ ಏರಿದರೆ ಗಾಯ ಬೇಗ ಕೂಡದು, ಸೋಂಕೂ ಸುಲಭ. ಯಾವುದು ನಿಲ್ಲಿಸಬೇಕು, ಯಾವುದು ಮುಂದುವರಿಸಬೇಕು ಅಂತ ಹಳೇ ಸ್ಟ್ರಿಪ್ ಕೈಯಲ್ಲಿ ಹಿಡಿದೇ ತೋರಿಸಿ.

ಚಳಿ ಜ್ವರ, ಗಾಯದ ಸುತ್ತ ಹರಡುವ ಕೆಂಪು, ಕೀವು, ಬಿಡದ ವಾಂತಿ, ಹೊಟ್ಟೆ ಉಬ್ಬಿ ಗ್ಯಾಸ್ ಹೋಗದಿರುವುದು, ಒಂದೇ ಮೀನಖಂಡ ಊದಿ ನೋಯುವುದು: ಇದರಲ್ಲಿ ಒಂದು ಕಂಡರೂ ಅವತ್ತೇ ಬರಬೇಕು. ಉಸಿರು ಕಟ್ಟಿದರೆ 108. ವಾರ್ಡಿನ ನಂಬರನ್ನು ಫೈಲಿನ ಮೇಲೆ ದಪ್ಪಗೆ ಬರೆದು, ಹೊರಡುವ ಮೊದಲೇ ಅವರ ಮೊಬೈಲಿನಿಂದ ಒಮ್ಮೆ ಫೋನ್ ಮಾಡಿಸಿ.