ಹಿಮದ ನಡುವೆ ನೀರಿಗಾಗಿ ಒಂದು ತಗಡು

ಕಡಿಮೆ ಬಜೆಟ್ಟಿನ ಹಾರರ್ ಸಿನಿಮಾಗಳಿಗೆ ವಿಮಾನ ಅಪಘಾತ ಒಳ್ಳೆಯ ವಸ್ತು. ಐದಾರು ನಟರು, ಮುರಿದ ವಿಮಾನದ ಸೆಟ್ಟು, ಸುತ್ತ ಕಾಡೋ ಹಿಮವೋ ಇದ್ದರೆ ಸಾಕು. ಕತ್ತಲಾದ ಮೇಲೆ ಯಾವುದೋ ಪ್ರಾಣಿ ಬಂದು ಒಬ್ಬೊಬ್ಬರನ್ನೇ ಎಳೆದೊಯ್ಯುತ್ತದೆ. ಬಾಯಾರಿಕೆಯನ್ನು ಮಾತ್ರ ಯಾರೂ ಅಷ್ಟಾಗಿ ತೋರಿಸುವುದಿಲ್ಲ. ನಿಜವಾಗಿ ಹಿಮದಲ್ಲಿ ಸಿಕ್ಕಿಬಿದ್ದವರನ್ನು ಮೊದಲು ಹಿಂಡುವುದು ಚಳಿ ಮತ್ತು ಬಾಯಾರಿಕೆ.

1972ರ ಅಕ್ಟೋಬರ್ 13ರಂದು ಉರುಗ್ವೆ ವಾಯುಪಡೆಯ ವಿಮಾನವೊಂದು ರಗ್ಬಿ ತಂಡವನ್ನೂ ಅವರ ಬಂಧು-ಗೆಳೆಯರನ್ನೂ ಕರೆದುಕೊಂಡು ಚಿಲಿಗೆ ಹೊರಟಿತ್ತು. ಆಂಡೀಸ್ ಬೆಟ್ಟಕ್ಕೆ ಬಡಿದು ಅದರ ರೆಕ್ಕೆ, ಬಾಲ ಕಳಚಿದವು. ಉಳಿದ ಒಡಲು ಇಳಿಜಾರಿನಲ್ಲಿ ಜಾರಿ, ಸುಮಾರು 3,600 ಮೀಟರ್ ಎತ್ತರದಲ್ಲಿ ನಿಂತಿತು. ವಿಮಾನ ಹತ್ತಿದ್ದ 45 ಜನರಲ್ಲಿ ಕೊನೆಗೆ ಬದುಕಿ ಬಂದವರು 16.

ಸುತ್ತಲೂ ಹಿಮ ಇರುವಾಗ ನೀರಿಗೇನು ಬರ, ಅಲ್ವಾ? ಲೆಕ್ಕ ಹಾಕಿ ನೋಡಿ. ಮೈನಸ್ 10 ಡಿಗ್ರಿಯ ಒಂದು ಕಿಲೋ ಹಿಮವನ್ನು ತಿಂದರೆ, ಅದನ್ನು ಕರಗಿಸಿ ಮೈಯ ಬಿಸಿಗೆ ತರಲು ದೇಹ ಸುಮಾರು 120 ಕಿಲೋಕ್ಯಾಲೊರಿ ಖರ್ಚು ಮಾಡಬೇಕು. ಅದರಲ್ಲಿ 80 ಬರೀ ಕರಗಿಸುವುದಕ್ಕೇ ಹೋಗುತ್ತದೆ. ಹೊಟ್ಟೆಗೆ ಏನೂ ಇಲ್ಲದವನಿಗೆ ಇದು ದುಬಾರಿ ನೀರು. ಅಷ್ಟು ಎತ್ತರದ ಗಾಳಿ ತೆಳು, ಒಣ. ಜಾಸ್ತಿ ಉಸಿರಾಡಬೇಕು, ಪ್ರತಿ ಉಸಿರಿನಲ್ಲೂ ಒಂದಿಷ್ಟು ನೀರು ಹೊರಗೆ ಹೋಗುತ್ತದೆ. ಮರ ಬೆಳೆಯುವ ಎತ್ತರ ದಾಟಿದ್ದರಿಂದ ಸೌದೆಯೂ ಇಲ್ಲ.

ಬದುಕುಳಿದವರಲ್ಲಿ ಒಬ್ಬ, ಫಿಟೊ ಸ್ಟ್ರಾಕ್, ಸೀಟಿನ ಬೆನ್ನಿನಿಂದ ಅಲ್ಯೂಮಿನಿಯಂ ತಗಡು ಕಿತ್ತ. ಅಂಚುಗಳನ್ನು ಮೇಲಕ್ಕೆ ಮಡಚಿ, ಒಂದು ಕಡೆ ನೀರು ಹರಿಯಲು ಮೂತಿ ಮಾಡಿದ. ಬಿಸಿಲಿಗೆ ವಾಲಿಸಿಟ್ಟು ಮೇಲೆ ತೆಳ್ಳಗೆ ಹಿಮ ಹರಡಿದ. ಸ್ವಲ್ಪ ಹೊತ್ತಿಗೆ ಕೆಳಗಿಟ್ಟ ಬಾಟಲಿಗೆ ಹನಿ ಬೀಳತೊಡಗಿತು. ನೆಲದ ಹಿಮ ಬಿಸಿಲನ್ನು ಬಹುಪಾಲು ವಾಪಸ್ ಕಳಿಸುತ್ತದೆ. ಕರಗಿದ ಚೂರುಪಾರು ನೀರೂ ಅಡಿಯ ಹಿಮಕ್ಕೇ ಇಳಿದು ಮತ್ತೆ ಹೆಪ್ಪುಗಟ್ಟುತ್ತದೆ. ತಗಡಿನ ಮೇಲೆ ಹಾಗಾಗುವುದಿಲ್ಲ. ತೆಳು ಪದರ ದಾಟಿ ಬಂದ ಬೆಳಕನ್ನು ಅದು ಮತ್ತೆ ಹಿಮಕ್ಕೇ ತಿರುಗಿಸುತ್ತದೆ, ಬಿಸಿಯನ್ನು ಬೇಗ ಎಲ್ಲ ಕಡೆಗೂ ಹರಡುತ್ತದೆ, ನೀರನ್ನು ಕೂಡಲೇ ಹರಿಯಬಿಡುತ್ತದೆ. ದೇಹ ಕೊಡಬೇಕಿದ್ದ ಬಿಸಿಯನ್ನು ಸೂರ್ಯ ಕೊಟ್ಟ. ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ತಗಡು. ಕಾಕ್‌ಪಿಟ್‌ನಲ್ಲಿ ಬಿಸಿಲು ತಡೆಯಲು ಇದ್ದ ಬಣ್ಣದ ಪ್ಲಾಸ್ಟಿಕ್ಕಿನಿಂದ ಅವನೇ ಕನ್ನಡಕಗಳನ್ನೂ ಮಾಡಿದ. ಹಿಮದಿಂದ ಚಿಮ್ಮುವ ಅತಿನೇರಳೆ ಕಿರಣ ಬರಿಗಣ್ಣನ್ನು ಸುಡುತ್ತದೆ.

ರಾತ್ರಿಯ ಚಳಿಗೆ ಅವರಿಗಿದ್ದ ಹೀಟರ್ ಅವರ ಮೈಗಳೇ. ಸುಮ್ನೆ ಮಲಗಿದ ಮನುಷ್ಯನ ದೇಹ 80 ವ್ಯಾಟ್‌ನಷ್ಟು ಬಿಸಿ ಹೊರಬಿಡುತ್ತದೆ. ವಿಮಾನದ ಮುರಿದ ಬಾಯಿಗೆ ಸೂಟ್‌ಕೇಸ್‌ಗಳ ಗೋಡೆ ಕಟ್ಟಿ, ಒಬ್ಬರಿಗೊಬ್ಬರು ಒತ್ತಿ ಮಲಗಿದರೆ ಅದರಲ್ಲಿ ಒಂದಿಷ್ಟಾದರೂ ಒಳಗೇ ಉಳಿಯುತ್ತದೆ. ಆದರೆ ಅಕ್ಟೋಬರ್ 29ರ ಹಿಮಕುಸಿತ ಆ ಗೂಡಿಗೇ ನುಗ್ಗಿ ಎಂಟು ಜನರನ್ನು ಕೊಂದಿತು.

ಆಹಾರ ಮುಗಿದ ಮೇಲೆ ಅವರು ಸತ್ತ ಗೆಳೆಯರ ಮಾಂಸ ತಿಂದರು. ನಾನು ಸತ್ತರೆ ನನ್ನ ದೇಹವನ್ನೂ ಬಳಸಿ ಎಂದು ಪರಸ್ಪರ ಮಾತು ಕೊಟ್ಟುಕೊಂಡಿದ್ದರು. ಜನ ಇಷ್ಟನ್ನೇ ನೆನಪಿಟ್ಟುಕೊಂಡಿರುವುದು ಬೇಸರದ ಸಂಗತಿ.

ಹೊರಗೆ ಹೋಗಿ ಸಹಾಯ ತರಬೇಕೆಂದರೆ ಬಯಲಲ್ಲಿ ರಾತ್ರಿ ಕಳೆಯಬೇಕಿತ್ತು. ಬಾಲದ ಭಾಗದಲ್ಲಿ ಸಿಕ್ಕ ಶಾಖನಿರೋಧಕ ಬಟ್ಟೆಯನ್ನು ತಾಮ್ರದ ತಂತಿಯಲ್ಲಿ ಹೊಲಿದು ಮೂವರಿಗೆ ಆಗುವಷ್ಟು ದೊಡ್ಡ ಮಲಗುವ ಚೀಲ ಮಾಡಿದರು. ಅಷ್ಟರಲ್ಲಿ ದಕ್ಷಿಣಾರ್ಧಗೋಳದ ಬೇಸಿಗೆಯೂ ಬಂತು. ಡಿಸೆಂಬರ್ 12ಕ್ಕೆ ಮೂವರು ಹೊರಟರು. ಊಟ ಸಾಲದೆಂದು ಒಬ್ಬ ಅರ್ಧದಿಂದ ಮರಳಿದ. ನಾಂಡೊ ಪರಾಡೊ ಮತ್ತು ರಾಬರ್ಟೊ ಕನೆಸ್ಸಾ ಬೆಟ್ಟ ಹತ್ತಿ ಇಳಿದು ನಡೆಯುತ್ತಲೇ ಹೋಗಿ, ನದಿಯಾಚೆ ದನಗಾಹಿ ಸೆರ್ಜಿಯೊ ಕತಲಾನ್‌ನನ್ನು ಕಂಡರು. ಅವನು ಕುದುರೆ ಏರಿ ಹೋಗಿ ಸುದ್ದಿ ಮುಟ್ಟಿಸಿದ. ಡಿಸೆಂಬರ್ 22 ಮತ್ತು 23ರಂದು ಹೆಲಿಕಾಪ್ಟರ್‌ಗಳು ಉಳಿದ 14 ಜನರನ್ನು ಕೆಳಗಿಳಿಸಿದವು.