ಊರೆಲ್ಲ ಬೇಡ ಅಂದರೂ ಅನುಮತಿ ಸಿಕ್ಕಿದ್ದು ಹೇಗೆ?

ಪ್ರಶ್ನೆ: ನಮ್ಮೂರ ಹತ್ತಿರ ಕಾರ್ಖಾನೆ ಬರುತ್ತೆ ಅಂತ ಅಹವಾಲು ಸಭೆ ಮಾಡಿದರು. ಒಬ್ಬರೂ ಬಿಡದೆ ವಿರೋಧಿಸಿದೆವು. ಈಗ ನೋಡಿದರೆ ಪರಿಸರ ಅನುಮತಿ ಸಿಕ್ಕಿದೆಯಂತೆ. ಇದು ಮೋಸ ತಾನೆ?

ಉತ್ತರ: ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಇನ್ನೊಂದು ಸಲ ಹೇಳುತ್ತೇನೆ: ಅಹವಾಲು ಸಭೆ ಗ್ರಾಮ ಪಂಚಾಯ್ತಿ ಎಲೆಕ್ಷನ್ ಅಲ್ಲ. ಅಲ್ಲಿ ಯಾರೂ ಕೈ ಎಣಿಸುವುದಿಲ್ಲ.

2006ರ ಸೆಪ್ಟೆಂಬರ್ 14ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಧ್ಯಯನ) ಅಧಿಸೂಚನೆ ತೆರೆದು ನೋಡಿ. ಸಭೆಗೆ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ನಡಾವಳಿ ಬರೆಯಬೇಕು, ವಿಡಿಯೋ ಆಗಬೇಕು. ಬಹುಮತ ಎಂಬ ಮಾತು ಎಲ್ಲಿಯೂ ಇಲ್ಲ. ಕೋರಂ, ಅಂದರೆ ಇಂತಿಷ್ಟು ಜನ ಬರಲೇಬೇಕೆಂಬ ಲೆಕ್ಕ ಕೂಡ ಬೇಕಿಲ್ಲ! ನೀವು ಬಹಿಷ್ಕಾರ ಹಾಕಿ ಶಾಮಿಯಾನದ ಹೊರಗೆ ಧರಣಿ ಕೂತರೆ ಒಳಗೆ ಸಭೆ ಮುಗಿದೇ ಹೋಗುತ್ತದೆ. ಇದಕ್ಕೆ ತಿರುಗುಮುರುಗಾದ ಭಯವೂ ಒಂದಿದೆ: ಹಾಜರಿ ಹಾಳೆಗೆ ಸಹಿ ಹಾಕಿದರೆ ಒಪ್ಪಿಗೆ ಕೊಟ್ಟಂತೆ ಎಂದು ಪೆನ್ನು ಮುಟ್ಟದೆ ಬರುವವರಿದ್ದಾರೆ. ಸಹಿ ಹಾಕಿ ಮಾರಾಯರೆ. ನೀವು ಬಂದಿದ್ದಿರಿ ಎನ್ನುವುದಕ್ಕೆ ಅದೇ ಸಾಕ್ಷಿ.

ಊರು ಬೇಡ ಅಂದರೆ ಯೋಜನೆ ನಿಲ್ಲುತ್ತದೆ ಎಂಬ ತಪ್ಪು ತಿಳುವಳಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಒಡಿಶಾದ ನಿಯಮಗಿರಿ. 2013ರಲ್ಲಿ ಅಲ್ಲಿಯ 12 ಗ್ರಾಮಸಭೆಗಳು ಬೇಡ ಅಂದವು, ಬಾಕ್ಸೈಟ್ ಗಣಿಗಾರಿಕೆ ನಿಂತಿತು. ಇದನ್ನು ಹೇಳದ ಹೋರಾಟದ ಭಾಷಣವೇ ಇಲ್ಲ. ಆದರೆ ಆ ಗ್ರಾಮಸಭೆಗಳನ್ನು ಸೇರಿಸಲು ಸುಪ್ರೀಂ ಕೋರ್ಟ್ ಹೇಳಿದ್ದು ಅರಣ್ಯ ಹಕ್ಕು ಕಾಯ್ದೆಯ ಆಧಾರದ ಮೇಲೆ. ಅದು ಬೇರೆ ಕಾನೂನು, ಬೇರೆ ಸಭೆ. ನಿಮ್ಮೂರಲ್ಲಿ ನಡೆದದ್ದು ಇಐಎ ಸಭೆ. ಹೆಸರಲ್ಲಿ ಎರಡಕ್ಕೂ 'ಸಭೆ' ಇದೆ ಅಂತ ಒಂದೇ ಆಗಿಬಿಡುವುದಿಲ್ಲ.

ಹಾಗಾದರೆ ಹೋಗಿ ಏನು ಪ್ರಯೋಜನ? ಸಭೆ ಹೊತ್ತಿಗೆ ಇರುವುದು ಇಐಎ ಅಧ್ಯಯನದ ಕರಡು ವರದಿ. ಅದನ್ನು ಬರೆಯುವ ಕನ್ಸಲ್ಟೆಂಟಿಗೆ ದುಡ್ಡು ಕೊಡುವವರು ಯೋಜನೆಯವರೇ, ಅದು ನೆನಪಿರಲಿ. ನೀವು ಎತ್ತಿದ ಒಂದೊಂದು ಅಂಶಕ್ಕೂ ಅವರು ಅಂತಿಮ ವರದಿಯಲ್ಲಿ ಉತ್ತರ ಬರೆಯಬೇಕು, ತಜ್ಞರ ಸಮಿತಿ ಅದನ್ನು ನೋಡಿಯೇ ಶಿಫಾರಸು ಮಾಡಬೇಕು. 'ಬೇಡವೇ ಬೇಡ' ಎಂಬ ಕೂಗಿಗೆ ಉತ್ತರ ಬರೆಯುವುದು ಸುಲಭ: ಉದ್ಯೋಗ ಕೊಡುತ್ತೇವೆ, ಗಿಡ ನೆಡುತ್ತೇವೆ. 'ವರದಿಯಲ್ಲಿ ಹಳ್ಳವೇ ಇಲ್ಲ ಎಂದಿದೆ, ಇಗೋ ಗ್ರಾಮ ನಕಾಶೆ, ಈ ಸರ್ವೆ ನಂಬರಿನಲ್ಲಿ ಹಳ್ಳ ಹರಿಯುತ್ತಿದೆ' ಎಂದು ಬರೆದುಕೊಟ್ಟರೆ ಅಷ್ಟು ಸುಲಭವಲ್ಲ.

ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ಸಿಕ್ಕಿಬಿದ್ದದ್ದು ಇಂಥ ಕಡೆಯೇ. ಮೊದಲು ಕೆಲವೇ ನೂರು ಮರ ಹೋಗುತ್ತವೆ ಎಂದಿದ್ದರು, ಎಣಿಸಿದಾಗ 16 ಸಾವಿರ ದಾಟಿತು. ಅಧ್ಯಯನದ ಅಂಕಿಅಂಶಗಳೂ ಹಳಸಿದ್ದವು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೊಸದಾಗಿ ಅಧ್ಯಯನ ಮಾಡಿ ಎಂದಿತು. ಎಷ್ಟು ಜನ ವಿರೋಧಿಸಿದರು ಎಂಬ ಲೆಕ್ಕದಿಂದ ಬಂದ ತೀರ್ಪಲ್ಲ ಅದು.

ನಿಮ್ಮ ಯೋಜನೆಗೆ ಅನುಮತಿ ಸಿಕ್ಕಿ ಎಷ್ಟು ದಿನವಾಯಿತು, ಮೊದಲು ಅದನ್ನು ನೋಡಿ. ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಇರುವುದು 30 ದಿನ. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಇನ್ನೂ 60. ಅದರಾಚೆ ಬಾಗಿಲಿಲ್ಲ.

ನೀವು ಕೇಳಬೇಕಿದ್ದ ಪ್ರಶ್ನೆ ಇನ್ನೊಂದಿದೆ, ಯಾರೂ ಕೇಳುವುದಿಲ್ಲ: ಆ ವರದಿಯನ್ನು ನಿಮ್ಮೂರಲ್ಲಿ ಓದಿದವರು ಯಾರು? ಸಾಮಾನ್ಯವಾಗಿ ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ, ಹಳ್ಳ ಕಾಣೆಯಾಗಿರುವುದು ಇಂಗ್ಲಿಷಿನ ದಪ್ಪ ಪುಸ್ತಕದಲ್ಲಿ. ಇದೇ ಅಧಿಸೂಚನೆಯನ್ನು ಬದಲಿಸುವ 2020ರ ಕರಡನ್ನು ಕನ್ನಡವೂ ಸೇರಿ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು ಎಂದರೆ ಲೆಕ್ಕ ಹಾಕಿ. ನಮ್ಮ ಭಾಷೆಗೆ ನಿಯಮದಲ್ಲಿ ಖಚಿತವಾಗಿ ಸಿಕ್ಕಿರುವ ಇನ್ನೊಂದು ಜಾಗ ಸಭೆಯ ಕೊನೆ. ನಡಾವಳಿಯ ಸಾರವನ್ನು ಅಲ್ಲೇ, ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಅದೇ ದಿನ ಅಧ್ಯಕ್ಷರು ಸಹಿ ಹಾಕಬೇಕು. ಆ ಹೊತ್ತಿಗೆ ಮುಕ್ಕಾಲು ಊರು ಬಸ್ ಸ್ಟ್ಯಾಂಡಿನಲ್ಲಿರುತ್ತದೆ. ಮುಂದಿನ ಸಲ ಕೂತು ಕೇಳಿ. ಹಳ್ಳದ ಮಾತು ಬರದಿದ್ದರೆ ಸಹಿ ಬೀಳುವ ಮೊದಲೇ ಎದ್ದು ನಿಲ್ಲಿ.